ಬಗ್ಗಿದಾಗ ಸುರಿಯುವ ನೀರು

ಬಾಗಲವಾಡದ ರೇವಣಸಿದ್ದನಿಗೆ ಒಂದೇ ವರ್ಷದಲ್ಲಿ ಎರಡನೇ ಸಲ ಮಿದುಳು ಜ್ವರ ಬಂದಿತ್ತು. ರಾಯಚೂರಿನ ನಮ್ಮ ಆಸ್ಪತ್ರೆಗೆ ತಂದಾಗ ಮೈಮೇಲೆ ಎಚ್ಚರವಿರಲಿಲ್ಲ, ಸನ್ನಿ ಹಿಡಿದಿತ್ತು. ಬೆನ್ನಿಗೆ ಸೂಜಿ ಹಾಕಿ ತೆಗೆದ ನೀರು ತಿಳಿಯಾಗಿರಬೇಕಿತ್ತು, ಗಂಜಿಯಂತಿತ್ತು. ಕೈಕಾಲು ಕಟ್ಟಿದ್ದರೂ ನರ್ಸಿನ ಮುಂಗೈ ಕಚ್ಚಿ ರಕ್ತ ಬರಿಸಿದ್ದ. ಔಷಧಿ ಹತ್ತಿತು, ಬದುಕಿದ. ಬದುಕಿದವನು ಮಾಡಿದ ಮೊದಲ ಕೆಲಸ, ಹೆಂಡತಿ ಕರೆಮ್ಮ ತಂದ ಊಟದ ತಟ್ಟೆಯನ್ನು ಅವಳ ಮುಖಕ್ಕೇ ಎಸೆದದ್ದು. ಇಂಥವನನ್ನು ಉಳಿಸಿದೆನಲ್ಲ ಎಂದು ನನಗೆ ರೋಸಿಹೋಯಿತು.

ಆದರೆ ಮಿದುಳು ಜ್ವರ ಸುಮ್ಮನೆ ಎರಡೆರಡು ಸಲ ಬರುವುದಿಲ್ಲ. ಕ್ರಿಮಿ ನುಗ್ಗಲು ಎಲ್ಲೋ ಕಿಂಡಿ ಇರಬೇಕು. ಅವನ ಮೂಗಿನಿಂದ ಆಗಾಗ ನೀರು ಸೋರುತ್ತದೆ ಎಂದು ಗೊತ್ತಾಯಿತು. ಮಾನ್ವಿಯಲ್ಲಿ ನೆಗಡಿ ಮಾತ್ರೆ ಕೊಟ್ಟಿದ್ದರಂತೆ, ದೇವದುರ್ಗದಲ್ಲಿ ಮೂಗಿಗೆ ಹನಿ. ತಲೆಬುರುಡೆಯ ತಳ ಬಿರುಕು ಬಿಟ್ಟರೆ ಮಿದುಳಿನ ಸುತ್ತಲಿನ ನೀರೂ ಮೂಗಿನಿಂದಲೇ ಸೋರುತ್ತದೆ, ನೋಡಲು ನೆಗಡಿಯೇ.

“ತಲಿಗೆ ಪೆಟ್ಟು ಬಿದ್ದಿತ್ತೇನಪಾ?” ಎಂದೆ.

“ಟಗರಿಗೆ ಹಣಿ ಕೊಟ್ಟು ನಿಲ್ಲಾವ ನಾನು. ನನಗ್ಯಾರು ಹೊಡೀತಾರ? ನೆಗಡಿ ಅದ ಅಷ್ಟ. ಮನಿಗಿ ಕಳಿಸ್ರಿ.”

“ಹೋಗು. ಮೂರನೇ ಜ್ವರಕ್ಕ ಸಾಯ್ತಿ. ಸ್ಕ್ಯಾನ್ ಮಾಡಿಸ್ಕೊಂಡ್ರ ಕಿಂಡಿ ಸಿಗ್ತದ, ಮುಚ್ಚಬಹುದು.”

ಅವನು ಆಗಲೇ ಚಪ್ಪಲಿ ಹುಡುಕುತ್ತಿದ್ದ. ನಾನು ಕರೆಮ್ಮನ ಕಡೆ ತಿರುಗಿದೆ. ಅವಳು ಬಾಯಿ ಬಿಟ್ಟರೆ ಅವಳಿಗೆ ಉಳಿಗಾಲವಿಲ್ಲ, ಬಿಡದಿದ್ದರೆ ಅವನಿಗಿಲ್ಲ.

“ನಾನ ಹೊಡದೀನ್ರಿ,” ಎಂದಳು. “ಕುತಿಗಿ ಮ್ಯಾಲ ಕಾಲಿಟ್ಟಿದ್ದ. ಉಸುರು ಹತ್ತಲಿಲ್ಲ. ಕೈಗೆ ಒನಕಿ ಸಿಕ್ತು, ಹಣಿಗಿ ಹಾಕಿದೆ.”

ರೇವಣಸಿದ್ದ ಸಲೈನ್ ಕಿತ್ತುಕೊಂಡು ಹಾರಿದ. ಸೂಜಿ ಕಿತ್ತ ಕೈಯಿಂದ ನೆಲದ ತುಂಬ ರಕ್ತ. ಅವಳ ಜಡೆ ಹಿಡಿದು ಕೆಡವಿ, ಬಗ್ಗಿ ಬಾಯಿಗೆ ಗುದ್ದಿದ. ತುಟಿ ಸೀಳಿತು. ಕಾವಲಿನ ದಸ್ತಗೀರ್ ಸಾಬ್ ಓಡಿ ಬಂದು ಹಿಂದಿನಿಂದ ತಬ್ಬಿ ಹಿಡಿದರೂ ಅವನು ಬಿಡಲಿಲ್ಲ. ಅಷ್ಟರಲ್ಲಿ ಅವನ ಮೂಗಿನಿಂದ ತಿಳಿನೀರು ಅವಳ ಕೆನ್ನೆಯ ಮೇಲೆ ತಟತಟ ಬೀಳತೊಡಗಿತು.

ಅವಳು ಒರೆಸಿಕೊಳ್ಳಲಿಲ್ಲ. ಅವನ ಕೆಳಗೆ ಬಿದ್ದುಕೊಂಡೇ ಹೇಳಿದಳು:

“ಇದ ನೋಡ್ರೀ ಡಾಕ್ಟರಮ್ಮಾ. ನೆಗಡಿ ಆಗಿದ್ರ ಕುಂತಾಗೂ ಸುರೀಬೇಕಲ್ರೀ? ಇದು ನನ್ನ ಹೊಡಿಯಾಕ ಬಗ್ಗಿದಾಗ ಸುರೀತದ.”

ದಸ್ತಗೀರ್ ಸಾಬ್ ಅವನ ತೋಳು ತಿರುಚಿ ಮಂಚಕ್ಕೆ ಕೆಡವಿದ. ಕಟ್ಟಿದವಳು ನಾನೇ, ಬೇಕಾದ್ದಕ್ಕಿಂತ ಬಿಗಿಯಾಗಿ ಕಟ್ಟಿದೆ. ಪೊಲೀಸರನ್ನೂ ಕರೆಸಿದೆ. ಕರೆಮ್ಮ ದೂರು ಕೊಡಲಿಲ್ಲ. “ಮಸರಕಲ್ಲಿನ ತವರಾಗ ನನಗ ಯಾರೂ ಉಳಿದಿಲ್ರೀ. ಇವನ ಮನಿಗೇ ಹೋಗಬೇಕು,” ಎಂದಳು.

ಸ್ಕ್ಯಾನಿನಲ್ಲಿ ಹುಬ್ಬುಗಳ ಹಿಂದೆ ಬಿರುಕು ಸಿಕ್ಕಿತು. ಚಿತ್ರ ತೋರಿಸಿ ಸಾವಿನ ಮಾತೆತ್ತಿದ ಮೇಲೆ ಆಪರೇಷನ್ನಿಗೆ ಒಪ್ಪಿಕೊಂಡ. ಸಾವಿಗೆ ಯಾವ ಗಂಡಸೂ ಹಣೆ ಕೊಟ್ಟು ನಿಲ್ಲುವುದಿಲ್ಲ. ಆಪರೇಷನ್ ಚೆನ್ನಾಗಿಯೇ ಆಯಿತು.

ಮನೆಗೆ ಹೊರಡುವ ದಿನ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡೆ.

“ಬಗ್ಗಬಾರದು. ಭಾರ ಎತ್ತಬಾರದು. ಯಾರ ಮ್ಯಾಲೂ ಕೈ ಎತ್ತಬಾರದು. ಎತ್ತಿದ್ರ ಮುಚ್ಚಿದ್ದು ಮತ್ತ ಬಿಚ್ಚತದ, ಸಾಯ್ತಿ.”

“ಎಷ್ಟ ದಿನ್ರೀ?” ಎಂದ.

ಪುಸ್ತಕದ ಪ್ರಕಾರ ಕೆಲವು ವಾರ ಸಾಕು. ಕರೆಮ್ಮ ತುಟಿಯ ಹೊಲಿಗೆ ಮುಟ್ಟಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದಳು.

“ಜೀವ ಇರೋತನಕ,” ಎಂದೆ.