ಜೂಖ್ ವಿಮಾನದಲ್ಲಿ ಗೆನೋವೆಫಾ

೧೯೫೭ರ ಮೇ ತಿಂಗಳಲ್ಲಿ ಕಯೆತಾನ್ ಬೊರೂಚ್ ನಮ್ಮ ಹಾರಾಟದ ಕ್ಲಬ್ಬಿಗೆ ಬಂದರು. ಬೇಕರಿಯ ವ್ಯಾನು ಓಡಿಸುತ್ತಿದ್ದ ಮನುಷ್ಯ. ಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದುಕೊಂಡು ನಮ್ಮ ಪೋಲೆಂಡಿಗಾಗಿ ಹಾರಿದವರು. ಪಶ್ಚಿಮದವರ ಜೊತೆ ಇದ್ದವರನ್ನು ನಮ್ಮ ಕಮ್ಯುನಿಸ್ಟ್ ಸರ್ಕಾರ ನಂಬುತ್ತಿರಲಿಲ್ಲ. ಆ ಒಂದೇ ಕಾರಣಕ್ಕೆ, ಊರಿಗೆ ಮರಳಿದ ಮೇಲೆ ಅವರನ್ನು ವಿಮಾನದ ಹತ್ತಿರಕ್ಕೂ ಬಿಟ್ಟಿರಲಿಲ್ಲ. ಹಿಂದಿನ ಅಕ್ಟೋಬರಿನಲ್ಲಿ ಸರ್ಕಾರದ ಬಿಗಿ ಸ್ವಲ್ಪ ಸಡಿಲವಾಯಿತು. ಅಂಥವರೆಲ್ಲ ಮತ್ತೆ ಹಾರಬಹುದು ಎಂದಾಯಿತು. ಕ್ಲಬ್ಬಿಗೂ ಹೇಳಿಕೊಡುವವರು ಬೇಕಿದ್ದರು. ಅವರನ್ನು ಪರೀಕ್ಷಿಸುವ ಕೆಲಸ ನನ್ನ ಪಾಲಿಗೆ ಬಂತು. ಅವರು ಯುದ್ಧಕ್ಕೆ ಹೋದಾಗ ನಾನಿನ್ನೂ ಶಾಲೆಯ ಹುಡುಗಿ. ಈಗ ನಾನು ಅವರ ಹಿಂದಿನ ಸೀಟಿನಲ್ಲಿ ಕೂತು ತಪ್ಪು ಹುಡುಕಬೇಕಿತ್ತು.

ನಮ್ಮಲ್ಲಿದ್ದದ್ದು ಒಂದು ಜೂಖ್. ಯುದ್ಧ ಮುಗಿದ ಮೇಲೆ ನಮ್ಮವರೇ ಕಟ್ಟಿದ ವಿಮಾನ, ಹೆಸರಿನ ಅರ್ಥ ಗಟ್ಟಿಗ ಹುಡುಗ. ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಸೀಟು, ಮೇಲೆ ಗಾಜಿನ ಮುಚ್ಚಳ. ಕಲಿಯುವವರ ತಪ್ಪನ್ನು ಅದು ಸಹಿಸಿಕೊಳ್ಳುತ್ತಿತ್ತು. ಬಲ್ಲವರು ಕೂತರೆ ಆಕಾಶದಲ್ಲಿ ಬೇಕೆಂದ ಹಾಗೆ ಪಲ್ಟಿ ಹೊಡೆಯುತ್ತಿತ್ತು.

ಮೊದಲ ದಿನ ಪಾನ್ ಕಯೆತಾನ್ ಅದನ್ನು ನೀಟಾಗಿ ಏರಿಸಿದರು. (ಗಂಡಸರನ್ನು ಪಾನ್, ಹೆಂಗಸರನ್ನು ಪಾನಿ ಎಂದು ಕರೆಯುವುದು ನಮ್ಮಲ್ಲಿ ಮರ್ಯಾದೆ.) ಹಿಂದೆ ಮೊಟ್ಟೆಯ ಬುಟ್ಟಿ ಇಟ್ಟುಕೊಂಡು ಹೋಗುವವರ ಹಾಗೆ ಹಾರಿಸಿದರು. "ಈಗ ಒಂದು ಪಲ್ಟಿ" ಎಂದೆ. ವಿಮಾನದ ಮೂತಿ ಎತ್ತಿದರು. ಅರ್ಧಕ್ಕೆ ಹೋಗಿ ಇಳಿಸಿಬಿಟ್ಟರು. ಮತ್ತೊಮ್ಮೆ ಹೇಳಿದೆ, ಮತ್ತೂ ಹಾಗೆಯೇ.

ಕೆಳಗಿಳಿದ ಮೇಲೆ ಅವರು ಕೈಗವಸು ಬಿಚ್ಚುತ್ತ, "ಕೈಗೇನೂ ಮರೆತಿಲ್ಲ, ಪಾನಿ ಫೆಲಿತ್ಸಿಯಾ. ಅಲ್ಲಿ ಮೇಲೆ ಹೋದ ತಕ್ಷಣ ನಾನೇನೋ ಕದೀತಾ ಇದೀನಿ ಅನ್ನಿಸುತ್ತೆ" ಎಂದರು. ಎರಡನೇ ಸಲದ ಹಾರಾಟವೂ ಅಷ್ಟರಲ್ಲೇ ಮುಗಿಯಿತು.

ಆ ಶನಿವಾರ ಒಬ್ಬ ಹೆಂಗಸು ಸೈಕಲ್ಲು ತಳ್ಳಿಕೊಂಡು ಹುಲ್ಲಿನ ಮೈದಾನ ದಾಟಿ ನೇರವಾಗಿ ನನ್ನ ಹತ್ತಿರ ಬಂದರು. ತಲೆಗೆ ಹೂವಿನ ಚೌಕ, ಕೈಯಲ್ಲಿ ಸಂತೆಯ ಚೀಲ.

"ಬೊರೂಚ್‌ನ ಪರೀಕ್ಷೆ ಮಾಡೋರು ನೀವೇನಾ? ನಾನು ಅವನ ಹೆಂಡತಿ, ಗೆನೋವೆಫಾ. ನನ್ಹತ್ರ ಅವನೇನೂ ಹೇಳಿಲ್ಲ. ಆದ್ರೆ ಹಿಟ್ಟಿನ ವಾಸನೆ ಬರ್ತಿದ್ದ ಕೋಟಲ್ಲಿ ಪೆಟ್ರೋಲು ವಾಸನೆ ಬಂದ್ರೆ ಗೊತ್ತಾಗಲ್ವಾ? ನಂಗೊಂದು ಉಪಕಾರ ಮಾಡಿ. ಅವನನ್ನ ಫೇಲ್ ಮಾಡಿಬಿಡಿ."

"ನಾನು ಮಾಡಬೇಕಾಗಿಲ್ಲ, ಪಾನಿ. ಪಲ್ಟಿ ಹೊಡೆಯೋಕಾಗ್ದೆ ಅವರೇ ಆಗ್ತಾ ಇದಾರೆ."

ಆಕೆಯ ಮುಖ ಕೆಂಪಾಯಿತು. "ಯಾರು, ನನ್ನ ಗಂಡಾನಾ? ಅವನು ಯಾಕೆ ಫೇಲಾಗ್ತಾನೆ? ಯುದ್ಧದಲ್ಲಿ ಹಾರಿದೋನು! ನೀವೇ ಏನೋ ಸರಿಯಾಗಿ ನೋಡಿರಲ್ಲ."

ನನಗೆ ನಗು ಬಂತು. ಆಕೆಗೂ ಒಂದು ಕ್ಷಣ ಬಂದು ಹೋಯಿತು. ಆಮೇಲೆ ಸೈಕಲ್ಲಿನ ಹ್ಯಾಂಡಲ್ಲು ಹಿಡಿದುಕೊಂಡೇ ಹೇಳಿದರು. ಮದುವೆಯಾದ ಹೊಸತರಲ್ಲಿ ಗುಪ್ತ ಪೊಲೀಸರು ಬಾಗಿಲು ಬಡಿದು ಗಂಡನನ್ನು ಮನೆಯಿಂದ ಕರೆದುಕೊಂಡು ಹೋಗಿದ್ದರು. ಯಾಕೆ ಹಾರಿದೆ, ಯಾರಿಗಾಗಿ ಹಾರಿದೆ ಎಂದು ಕೇಳಿ ಕೇಳಿ, ಚಳಿಗಾಲ ಮುಗಿದ ಮೇಲೆ ಬಿಟ್ಟರು. ಹಿಂದಿರುಗಿದವರ ಹಲ್ಲು ಎರಡು ಇರಲಿಲ್ಲ. ಇನ್ನು ವಿಮಾನದ ಮಾತೇ ಎತ್ತುವುದಿಲ್ಲವೆಂದು ಆಕೆ ಅವರಿಂದ ಆಣೆ ಮಾಡಿಸಿಕೊಂಡರು.

"ವಿಮಾನ ಅಂದ್ರೆ ನಂಗೆ ಬಾಗಿಲು ಬಡಿಯೋ ಸದ್ದು, ಅಷ್ಟೇ" ಎಂದರು.

"ಒಂದ್ಸಲ ಆದ್ರೂ ಹತ್ತಿದೀರಾ?"

"ನಾನ್ಯಾಕೆ ಹತ್ಲಿ?"

ಶನಿವಾರ ಊರಿನವರನ್ನು ಒಂದು ಸುತ್ತು ಕರೆದೊಯ್ಯುವ ರೂಢಿ ನಮ್ಮಲ್ಲಿತ್ತು. "ಬನ್ನಿ" ಎಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಆಕೆ ವಿಮಾನವನ್ನು ಮೇಲಿನಿಂದ ಕೆಳಗೆ ನೋಡಿ ಸೈಕಲ್ಲನ್ನು ಹುಲ್ಲಿನ ಮೇಲೆ ಮಲಗಿಸಿದರು.

ಮೆಕ್ಯಾನಿಕ್ ಬೆನೆಕ್ ಆಕೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಪಟ್ಟಿ ಬಿಗಿದ. ಚೀಲ ಕೊಡಲು ಆಕೆ ಒಪ್ಪಲಿಲ್ಲ.

"ಕೊಡಿ ಪಾನಿ. ಮೇಲೆ ಹೋದ್ಮೇಲೆ ಆಲೂಗಡ್ಡೆ ನಿಮ್ಮ ತಲೆ ಮೇಲೆ ಬೀಳುತ್ತೆ."

"ಆಲೂಗಡ್ಡೆ ಯಾಕೆ ಮೇಲಿಂದ ಬೀಳುತ್ತೆ?"

"ಸುಮ್ನೆ ಮಾತಿಗಂದೆ" ಎಂದು ಬೆನೆಕ್ ಚೀಲ ಕಿತ್ತುಕೊಂಡ.

ಏರಿದೆವು. ವಿಸ್ವಾ ನದಿಯ ಮೇಲೆ ತಿರುಗಿದಾಗ ಎರಡು ಸೀಟಿನ ನಡುವಿನ ಮಾತಿನ ಕೊಳವೆಯಲ್ಲಿ ಆಕೆಯ ಕೂಗು ಕೇಳಿತು: "ಅಯ್ಯೋ, ನಮ್ಮನೆ! ನಾನು ಒಣಗಿಹಾಕಿದ ದುಪ್ಪಟಿ ನೋಡಿ ಅಲ್ಲಿ!" ಆಮೇಲೆ ಸಣ್ಣ ದನಿ: "ಅವನ ಕೈಲಿ ಆಗ್ಲಿಲ್ಲ ಅಂದ್ರಲ್ಲ, ಅದೇನದು? ಅದನ್ನ ಮಾಡಿ."

"ಹೊಟ್ಟೆ ತೊಳಸುತ್ತೆ, ಪಾನಿ."

"ನನ್ನ ಹೊಟ್ಟೆ ನಾನು ನೋಡ್ಕೋತೀನಿ."

ವೇಗ ಕೂಡಿಸಿ ಮೂತಿ ಎತ್ತಿದೆ. ನೆಲ ಜಾರಿಹೋಯಿತು, ನೀಲಿಯೇ ನೀಲಿ, ಆಮೇಲೆ ಹೊಲಗಳೆಲ್ಲ ನಮ್ಮ ತಲೆಯ ಮೇಲೆ ಬಂದವು. ಆಕೆ ಕಿರುಚಿದರು. ವಿಮಾನ ಮತ್ತೆ ನೇರವಾದಾಗ ಆಕೆಯ ಸದ್ದಡಗಿತ್ತು. ಎಚ್ಚರ ತಪ್ಪಿತೇ ಎಂದು ಮುಂದಕ್ಕೆ ಬಗ್ಗಿದೆ. ನೋಡಿದರೆ ಭುಜಗಳು ಕುಲುಕುತ್ತಿವೆ, ಆಕೆ ನಗುತ್ತಿದ್ದರು.

"ಇನ್ನೊಂದ್ಸಲ" ಎಂದರು.

ಇಳಿದಾಗ ಬೇಕರಿಯ ವ್ಯಾನು ಮೈದಾನದಲ್ಲೇ ನಿಂತಿತ್ತು. ಹೆಂಡತಿಯ ಸೈಕಲ್ಲು ಗುರುತಿಸಿ ಪಾನ್ ಕಯೆತಾನ್ ಅಲ್ಲಿಯವರೆಗೂ ವ್ಯಾನು ನುಗ್ಗಿಸಿದ್ದರು. ಗೆನೋವೆಫಾ ರೆಕ್ಕೆಯ ಮೇಲಿಂದ ಇಳಿದರು. ಹುಲ್ಲಿನಲ್ಲೇ ಕೂತರು.

"ಕಯೆತಾನ್, ಇಷ್ಟು ವರ್ಷ ಇದನ್ನ ನನ್ನಿಂದ ಬಚ್ಚಿಟ್ಟಿದ್ದೆಯಾ?"

"ನೀನೇ ತಾನೇ ಬೇಡ ಅಂದಿದ್ದು?"

"ನಾನು ಹೆದರಿದ್ದು ಆ ಜನಕ್ಕೆ. ಇದಕ್ಕಲ್ಲ."

ಅವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳಿದರು: "ಆ ಜನ ಮತ್ತೆ ಬಂದ್ರೆ?"

"ಅವತ್ತು ಬಂದಾಗ ನೀನೇನು ಹಾರ್ತಾ ಇದ್ಯಾ? ನೆಲದ ಮೇಲೇ ಇದ್ದೆ, ಆದ್ರೂ ಬಂದ್ರಲ್ಲ. ಹೋಗು, ಮಾಡು" ಎಂದ ಗೆನೋವೆಫಾ ಅತ್ತ ತಿರುಗಿ ವಾಂತಿ ಮಾಡಿಕೊಂಡರು. ಬೆನೆಕ್ ನೀರು ತರಲು ಓಡಿದ.

ಆಗಲೇ ಮತ್ತೆ ಏರಿದೆವು, ಪಾನ್ ಕಯೆತಾನ್ ಮುಂದೆ, ನಾನು ಹಿಂದೆ. ನಾನು ಹೇಳುವ ಮೊದಲೇ ಪಲ್ಟಿ ತಾನಾಗಿ ಬಂತು, ಗೀರೆಳೆದಷ್ಟು ಸಲೀಸಾಗಿ. ಅದರ ಬೆನ್ನಿಗೆ ಇನ್ನೊಂದು. ಆಮೇಲೆ ಉರುಳು, ಆಮೇಲೆ ನಾನು ಅಲ್ಲಿಯವರೆಗೆ ಕಂಡಿರದ ಒಂದು ತಿರುವು. ನನ್ನ ಕೈಗಳನ್ನು ಸುಮ್ಮನೆ ತೊಡೆಯ ಮೇಲಿಟ್ಟುಕೊಂಡೆ. ಕೆಳಗೆ ಹುಲ್ಲಿನಲ್ಲಿ ಗೆನೋವೆಫಾ ತಲೆಯ ಹೂವಿನ ಚೌಕ ಬಿಚ್ಚಿ ಬೀಸುತ್ತಿದ್ದರು.

ಅವರು ಪಾಸಾದರು ಎಂದು ಬೇರೆ ಹೇಳಬೇಕಿಲ್ಲ. ಬೇಸಿಗೆ ಕಳೆಯುವುದರೊಳಗೆ ನಮ್ಮಲ್ಲಿ ಹೇಳಿಕೊಡಲು ಶುರುಮಾಡಿದರು. ಗೆನೋವೆಫಾ ಮತ್ತೆ ಹತ್ತಲಿಲ್ಲ. ಕೇಳಿದವರಿಗೆಲ್ಲ "ಹೊಟ್ಟೆ ಒಪ್ಪಲ್ಲ" ಎನ್ನುತ್ತಿದ್ದರು. ಒಂದು ಭಾನುವಾರ ನನ್ನನ್ನು ಊಟಕ್ಕೆ ಕರೆದರು. ಬೀಟ್‌ರೂಟಿನ ಸಾರು ಬಡಿಸುವಾಗ ಪಾನ್ ಕಯೆತಾನ್ ಹೊಸ ಶಿಷ್ಯೆಯೊಬ್ಬಳ ಹಾರಾಟವನ್ನು ಎರಡೂ ಕೈಯಾಡಿಸಿ ವಿವರಿಸುತ್ತಿದ್ದರು. ಗೆನೋವೆಫಾ ಅವರ ಮಾತು ತಡೆಯಲಿಲ್ಲ. ಕೈ ತಗುಲಿ ಚೆಲ್ಲದಿರಲೆಂದು ತಟ್ಟೆಗಳನ್ನಷ್ಟೇ ಆಚೆ ಸರಿಸಿ, "ಹೂಂ, ಆಮೇಲೆ?" ಎಂದರು.