ಸೊಸೆಗೆ ಹೊಡೆದ ಲಕ್ವ

ಮುದ್ದೆ ತಿರುವುತ್ತಿದ್ದ ಅನುಪಮಾಳ ಬಲಗೈಯಿಂದ ಕೋಲು ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದರೆ ಬೆರಳುಗಳು ಮಡಚಲೊಲ್ಲವು. ಅತ್ತೆಯನ್ನು ಕೂಗೋಣವೆಂದರೆ ಬಾಯಿಂದ ಹೊರಟಿದ್ದು ಮಾತಲ್ಲ, ಬರೀ ತೊದಲು. ಒಂದು ತಿಂಗಳಲ್ಲಿ ಇದು ಮೂರನೆಯ ಸಲ.

"ವಸಂತಾ, ಬಾರೋ! ನಿನ್ ಹೆಂಡ್ತಿಗೆ ಮತ್ತೆ ಲಕ್ವ ಹೊಡೀತು ಕಣೋ!" ಎಂದರು ಬಸವಮ್ಮ. ಆ ದನಿಯಲ್ಲಿ ಗಾಬರಿಗಿಂತ ಗತ್ತೇ ಹೆಚ್ಚಿತ್ತು. ಸೊಸೆಗೆ ಥೈರಾಯ್ಡ್ ಕಮ್ಮಿ ಅಂದರೆ ಕುಂಬಾರಕೊಪ್ಪಲಿನಲ್ಲಿ ಯಾರೂ ಕಿವಿಗೂ ಹಾಕಿಕೊಳ್ಳುವುದಿಲ್ಲ. ಬೀದಿಗೆ ನಾಲ್ಕು ಹೆಂಗಸರಿಗೆ ಇರುವಂಥದ್ದು. ಲಕ್ವ ಅಂದರೆ ಮೂಸಂಬಿ ಹಿಡಿದು ನೋಡಲು ಬರುತ್ತಾರೆ.

ಗಂಡ ಲಕ್ವಕ್ಕೆ ತಿಕ್ಕುವ ಎಣ್ಣೆಯ ಬಾಟಲಿ ಹಿಡಿದು ಬಂದ. ವಸಂತ್ ಮೇಟಗಳ್ಳಿಯ ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್. ಕ್ಯಾಂಟೀನಿನ ಬೆಂಚಿನ ಮೇಲೆ ಕೂತರೆ ಡಾಕ್ಟರು. ಮೂರು ತಿಂಗಳ ಹಿಂದೆ ಆ ಬೆಂಚಿನ ಅಪ್ಪಣೆಯಂತೆಯೇ, "ಸಾಯೋಗಂಟ ನುಂಗೋದೂ ಒಂದು ಔಷಧೀನಾ? ಕಿಡ್ನಿ ಹೋಗ್ಬುಡ್ತದೆ" ಎಂದು ಅವಳ ಥೈರಾಯ್ಡ್ ಮಾತ್ರೆಗಳನ್ನು ಕಸದ ಗಾಡಿಗೆ ಹಾಕಿದ್ದ. ಆಮೇಲೆ ಅವಳ ಮುಖ ಊದಿತು, ಹಗಲೆಲ್ಲ ತೂಕಡಿಕೆ ಬಂತು. ಮನೆಯವರು ಅದಕ್ಕಿಟ್ಟ ಹೆಸರು ಸೋಮಾರಿತನ.

ಮೊದಲ ಸಲ ಕೈ ಸೋತಾಗ ಆಸ್ಪತ್ರೆಗೇನೋ ಹೋಗಿದ್ದರು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. "ಥೈರಾಯ್ಡ್ ತೀರಾ ಕಮ್ಮಿಯಾದ್ರೆ ಅಪರೂಪಕ್ಕೆ ಹೀಗೆ ಲಕ್ವದ ಥರಾನೇ ಆಗೋದುಂಟು. ಮಾತ್ರೆ ದಿನಾ ತಗೋತಿದೀರೇನಮ್ಮ?" ಎಂದು ಡಾಕ್ಟರಮ್ಮ ಕೇಳಿದ್ದು ಅನುಪಮಾಳನ್ನು. ಉತ್ತರ ಕೊಟ್ಟದ್ದು ವಸಂತ್: "ಒಂದಿನಾನೂ ತಪ್ಸಿಲ್ಲ ಮೇಡಂ. ನಾನೇ ಕೈಯಾರೆ ಕೊಡ್ತೀನಿ." ಅವರು ಬರೆದುಕೊಟ್ಟ ರಕ್ತಪರೀಕ್ಷೆಯ ಚೀಟಿ ಅವನ ಜೇಬಿನಲ್ಲೇ ಉಳಿಯಿತು, ಮನೆಗೆ ಬಂದದ್ದು ಈ ಎಣ್ಣೆ.

ಅರ್ಧ ಗಂಟೆ ತಿಕ್ಕಿದ ಮೇಲೆ ಬೆರಳು ಅಲುಗಿದವು, ನಾಲಿಗೆ ಹೊರಳಿತು.

"ನೋಡ್ದಾ ಅವ್ವ? ಆ ಡಾಕ್ಟ್ರಿಗೇನ್ ಗೊತ್ತು!" ಎಂದು ವಸಂತ್ ಬೀಗಿದ. ಮೊದಲ ಸಲ ಎಣ್ಣೆಯಿಲ್ಲದೆಯೂ ಅರ್ಧ ಗಂಟೆಗೇ ಸರಿಹೋಗಿತ್ತೆಂಬುದು ತಾಯಿ ಮಗ ಇಬ್ಬರಿಗೂ ಮರೆತಿತ್ತು.

"ಸರಿಹೋಯ್ತಲ್ಲ, ಏಳಮ್ಮ. ಇವನಿಗೆ ಸೆಕೆಂಡ್ ಶಿಫ್ಟು, ಹಸ್ಕೊಂಡವ್ನೆ" ಎಂದರು ಬಸವಮ್ಮ.

ಅನುಪಮಾ ಎದ್ದು ಮುದ್ದೆ ಕಟ್ಟಿ ಬಡಿಸಿದಳು.

"ಮುಂದಿನ್ ಸಲ ಡಾಕ್ಟ್ರತ್ರ ಹೋದ್ರೂ ನೀನು ಬಾಯಿ ಬುಡಬ್ಯಾಡ. ನಾನ್ ಮಾತಾಡ್ತೀನಿ" ಎಂದ ಅವನು, ಮುದ್ದೆ ಮುರಿಯುತ್ತಾ.

"ಹೂಂ" ಎಂದಳು.

ಕಂಪನಿ ಬಸ್ಸು ಅತ್ತ ಹೋಗುತ್ತಲೇ ಇತ್ತ ತಾನು ಆಟೋ ಹತ್ತಬೇಕು. ಡಾಕ್ಟರಮ್ಮನ ಎದುರು ಒಬ್ಬಳೇ ಕೂರಬೇಕು. ಮೂರು ತಿಂಗಳಿಂದ ಮಾತ್ರೆ ನುಂಗಿಲ್ಲವೆಂದು, ನಾಲಿಗೆ ತನ್ನ ಮಾತು ಕೇಳುತ್ತಿರುವಾಗಲೇ, ಹೇಳಿಬಿಡಬೇಕು.

ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು.