ಇಪ್ಪತ್ತು ಸೆಕೆಂಡಿನ ಮೌನ

ಚರ್ಚಿನ ಬೋಧಕ ಬ್ರದರ್ ಹೋಬಾರ್ಟ್ ಬಾಯಿ ಮುಚ್ಚಿದ್ದನ್ನು ಅಮೆರಿಕದ ಕೆಂಟಕಿಯ ಆ ಕಣಿವೆಯಲ್ಲಿ ಕಂಡವರಿರಲಿಲ್ಲ. ಮೂವತ್ತೊಂದು ವರ್ಷದಿಂದ ಪ್ರತಿ ಬೆಳಿಗ್ಗೆ ಏಳಕ್ಕೆ ಊರಿನ ಪುಟ್ಟ ಎಎಂ ರೇಡಿಯೋ ಸ್ಟೇಷನ್ನಿನ ಮೈಕಿನ ಮುಂದೆ ಕೂತು, ನೋಹನ ಜಲಪ್ರಳಯದಿಂದ ಹಿಡಿದು ಹುಡುಗಿಯರ ಮೊಣಕಾಲಿನವರೆಗೆ ಎಲ್ಲದರ ಮೇಲೂ ಗುಡುಗುತ್ತಿದ್ದರು. ಗಾಜಿನಾಚೆ ಕೂತು ಗುಂಡಿ ಒತ್ತುವವಳು ಲೊರೀನಾ. ಅವರು ಎಲ್ಲಿ ಉಸಿರೆಳೆಯುತ್ತಾರೆ ಎಂಬುದು ಅವಳಿಗೆ ಕೀರ್ತನೆಯಷ್ಟೇ ಬಾಯಿಪಾಠ.

ಆ ಸೋಮವಾರ ಮ್ಯಾನೇಜರ್ ವೆಂಡೆಲ್ ಪಕ್ಕದ ಜಿಲ್ಲೆಯಿಂದ ಫೋನು ಮಾಡಿದ. "ಇವತ್ತಿನ ಕಾರ್ಯಕ್ರಮಕ್ಕೆ ಹತ್ತು ಜನ ಆದ್ರೂ ಫೋನ್ ಮಾಡ್ಲಿಲ್ಲ ಅಂದ್ರೆ ನಾಳೆಯಿಂದ ಹೋಬಾರ್ಟ್ ಬದಲು ಸ್ಯಾಟಲೈಟಲ್ಲಿ ಬರೋ ಬೋಧಕ. ಆಮೇಲೆ ಗುಂಡಿ ಒತ್ತೋಕೆ ನೀನೂ ಬೇಕಾಗಲ್ಲ, ಲೊರೀನಾ."

ಹೋದ ತಿಂಗಳಿಡೀ ಬಂದದ್ದು ಒಂದೇ ಫೋನು. ಅದೂ ಬೈಯಲಿಕ್ಕೆ.

"ಬ್ರದರ್, ಕೋಪ ಮಾಡ್ಕೋಬೇಡಿ," ಎಂದಳು ಲೊರೀನಾ. "ಕೊನೇಲಿ ಒಂದು ನಿಮಿಷ ಸುಮ್ಮನಿದ್ದು ಮೌನ ಪ್ರಾರ್ಥನೆ ಮಾಡ್ಸಿ. ಜನಕ್ಕೆ ಫೋನ್ ಎತ್ತೋಕೆ ಪುರುಸೊತ್ತಾದ್ರೂ ಸಿಗುತ್ತೆ. ದೇವರಿಗೂ ಒಂಚೂರು ಮಾತಾಡೋಕೆ ಬಿಡಿ."

"ಒಂದು ನಿಮಿಷಾನಾ? ನನ್ನ ಮದುವೇಲೂ ಅಷ್ಟೊತ್ತು ಸುಮ್ಮನಿರ್ಲಿಲ್ಲ ಕಣಮ್ಮ!"

ಆದರೂ ಒಪ್ಪಿದರು. "ಕಣ್ಣು ಮುಚ್ಚಿ. ನಿಮ್ಮ ಕಷ್ಟ ದೇವರ ಹತ್ರ ಹೇಳ್ಕೊಳ್ಳಿ. ಉತ್ತರ ಕೊಡ್ತಾನೆ," ಎಂದು ಕೇಳುಗರಿಗೆ ಹೇಳಿ, ಹೆಡ್‌ಫೋನ್ ತೆಗೆದಿಟ್ಟು ತಾವೂ ಕಣ್ಣು ಮುಚ್ಚಿದರು. ಲೊರೀನಾಳೂ ಮುಚ್ಚಿದಳು.

ಇಬ್ಬರೂ ಮರೆತದ್ದು ಮೂಲೆಯ ಪೆಟ್ಟಿಗೆಯನ್ನು. ಇಪ್ಪತ್ತು ಸೆಕೆಂಡು ಸದ್ದಿಲ್ಲದಿದ್ದರೆ ಸ್ಟೇಷನ್ ಕೆಟ್ಟಿತೆಂದು ತಿಳಿದು ತಾನಾಗಿಯೇ ಹಳೆಯ ರೆಕಾರ್ಡಿಂಗ್ ಹಾಕುವ ಪೆಟ್ಟಿಗೆ ಅದು. ಹೋಬಾರ್ಟರ ಕೃಪೆಯಿಂದ ಅದಕ್ಕೆ ಎಂದೂ ಕೆಲಸ ಬಿದ್ದಿರಲಿಲ್ಲ. ಅದರೊಳಗಿದ್ದದ್ದು ಊರವರು ತಮ್ಮ ಸಾಮಾನು, ಸಾಕುಪ್ರಾಣಿಗಳ ಜಾಹೀರಾತು ಹೇಳುವ ಶನಿವಾರದ 'ಕೊಡೋದಿದೆ, ಕೊಳ್ಳೋದಿದೆ' ಕಾರ್ಯಕ್ರಮ. ಇಡೀ ಕಣಿವೆ ಕಣ್ಣು ಮುಚ್ಚಿ ಉತ್ತರಕ್ಕೆ ಕಾಯುತ್ತಿರುವಾಗ ಗೊಗ್ಗರು ದನಿಯೊಂದು ಹೇಳಿತು:

"ಒಂದು ಹೋತ ಇದೆ. ವಯಸ್ಸಾಗಿದೆ, ನಾರುತ್ತೆ, ಯಾರ ಮಾತೂ ಕೇಳಲ್ಲ. ಪುಕ್ಕಟೆ ಕೊಡ್ತೀನಿ. ಹಗ್ಗ ನೀವೇ ತನ್ನಿ."

ಲೊರೀನಾ ಹೌಹಾರಿ ಗುಂಡಿ ಹುಡುಕುವಷ್ಟರಲ್ಲಿ ಫೋನಿನ ದೀಪಗಳೆಲ್ಲ ಮಿನುಗತೊಡಗಿದ್ದವು. ಎಂಟು ಜನಕ್ಕೆ ಹೋತ ಬೇಕಿತ್ತು. ಚರ್ಚಿನ ಹಿರಿಯ ಡಿಲ್ಬರ್ಟ್, "ಯಾರಿಗೆ ಹೇಳಿದ್ದು ಅದು? ನಂಗಾ?" ಎಂದು ರೇಗಿದ. ಜೆಲ್ಫಾ ಅಜ್ಜಿ ಮಾತ್ರ ಪಿಸುಗುಟ್ಟಿದಳು: "ನನ್ನ ಗಂಡನ್ನ ಏನು ಮಾಡ್ಲಿ ಅಂತ ಈಗ ತಾನೇ ದೇವರನ್ನ ಕೇಳ್ದೆ ಕಣೇ. ಎಂಥಾ ಹಗ್ಗ ಬೇಕಂತೆ?"

ಎಂಟೂವರೆಗೆ ವೆಂಡೆಲ್‌ನ ಫೋನು. "ಎಷ್ಟು ಬಂತು?"

"ಇಪ್ಪತ್ಮೂರು."

"ಇಪ್ಪತ್ಮೂರಾ! ಏನು ಮಾಡ್ದ ಆ ಮುದುಕ?"

ಲೊರೀನಾ ಸುಳ್ಳು ಹೇಳುವವಳಲ್ಲ. "ಸುಮ್ಮನಿದ್ರು."

"ಹಾಗಾದ್ರೆ ದಿನಾ ಸುಮ್ಮನಿರೋಕೆ ಹೇಳು!"

ಗಾಜಿನಾಚೆ, ಹೋತದ ಮಾತು ಕೇಳಿಸದೆ ಮಿನುಗುವ ದೀಪಗಳನ್ನಷ್ಟೇ ಕಂಡಿದ್ದ ಹೋಬಾರ್ಟರ ಕಣ್ಣು ತುಂಬಿತ್ತು. "ನೋಡ್ದ್ಯಾ ತಂಗಿ? ದೇವರು ಮಾತಾಡ್ದ."

"ಮಾತಾಡ್ದ, ಬ್ರದರ್," ಎಂದಳು. ಹೋತವನ್ನು ಆಗಲೇ ಯಾರೋ ಹೊಡೆದುಕೊಂಡು ಹೋಗಿದ್ದರು. "ಕರ್ತನೇ, ಕ್ಷಮಿಸು" ಎನ್ನುತ್ತ ಅವಳು ಹಿಂದಿನ ಶನಿವಾರಗಳ ರೆಕಾರ್ಡಿಂಗುಗಳನ್ನು ಹುಡುಕಿ, ನಾಳೆಗೆಂದು ಆರು ಮೊಟ್ಟೆಕೋಳಿಗಳನ್ನು ಪೆಟ್ಟಿಗೆಗೆ ತುಂಬಿದಳು.